ದೀಪದ ಗೂಡಿನ ಮಸಿ

ಕೆಂಗೇರಿಯ ಹಳೆಯ ಮಠದವರು ಅಡುಗೆಮನೆ ದೊಡ್ಡದು ಮಾಡಲು ಗೋಡೆ ಒಡೆದಾಗ, ಅದರ ಹಿಂದೆ ಆರುನೂರು ವರ್ಷ ಹಳೆಯ ಕಲ್ಲುಕೋಣೆಯೊಂದು ಸಿಕ್ಕಿತು. ಒಳಗೆ ಒಂದು ಪೀಠ, ಒಂದು ದೀಪದ ಗೂಡು. ಗೂಡಿನಲ್ಲಿ ಅಂದಿನ ಸ್ವಾಮಿಗಳು ಹಚ್ಚಿದ ದೀಪದ ಮಸಿ ಹಾಗೇ ಉಳಿದಿತ್ತು. ಕೋಣೆ ಮ್ಯೂಸಿಯಂ ಆಯಿತು, ಕಲ್ಮೇಶ್ ಅದರ ತಾತ್ಕಾಲಿಕ ಗೈಡ್ ಆದ. "ಈ ಮಸಿ ನೋಡೋಕೆ ಲಗ್ಗೆರೆಯಿಂದೆಲ್ಲ ಜನ ಬರ್ತಾರೆ" ಎಂದು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ.

ಇವತ್ತು ಹನ್ನೊಂದಕ್ಕೆ ಮ್ಯೂಸಿಯಂ ಟ್ರಸ್ಟಿನ ತಜ್ಞ ವೆಂಕಟರಮಣಪ್ಪನವರು ಬರುವವರಿದ್ದರು. ಅವರು ಮೆಚ್ಚಿ ಬರೆದರೆ ಕಲ್ಮೇಶನ ಕೆಲಸ ಕಾಯಂ. ಈ ಸುದ್ದಿಯನ್ನು ಮಠದ ಪಕ್ಕದ ಮನೆಯ ಜಗದಾಂಬಾ ಅವರಿಗೆ ಹೇಳಿದ್ದೇ ತಪ್ಪಾಯಿತು. ದಿನಾ ಮಠದ ಬಾಗಿಲಿಗೆ ರಂಗೋಲಿ ಹಾಕುವ ಅವರ ಹತ್ತಿರ ಕೋಣೆಯ ಇನ್ನೊಂದು ಬೀಗದಕೈ ಇತ್ತು.

ಕಲ್ಮೇಶ್ ಎಂಟಕ್ಕೆ ಬಂದು ನೋಡಿದರೆ ಕೋಣೆ ಮದುವೆಮನೆ ಹಂಡೆಯಂತೆ ಫಳಫಳ ಹೊಳೆಯುತ್ತಿತ್ತು. ಪೀಠಕ್ಕೆ ವಿಭೂತಿ ಬಳಿದಿತ್ತು. ಗೂಡಿನಲ್ಲಿ ಮಸಿಯೇ ಇರಲಿಲ್ಲ.

"ದೊಡ್ಡೋರು ಬರ್ತಾರೆ ಅಂದ್ಯಲ್ಲ, ಮಠನ ಹಿಂಗಾ ಇಟ್ಕೊಳೋದು? ಸೋಪಿನ ಪುಡಿ ಹಾಕಿ ಉಜ್ಜೀ ಉಜ್ಜೀ ಕೈ ಬಿದ್ದೋಯ್ತು ಕಣಪ್ಪ," ಎಂದರು ಜಗದಾಂಬಾ.

"ಅಮ್ಮಾ, ಆ ಮಸೀನೇ ನನ್ನ ಅನ್ನ."

ಜಗದಾಂಬಾ ಸೆರಗು ಸಿಕ್ಕಿಸಿದರು. "ಅದಕ್ಯಾಕೆ ತಲೆ ಕೆಡಿಸ್ಕೊಳ್ತೀಯ? ಏಳು ಮೊಮ್ಮಕ್ಕಳಿಗೆ ಕಾಡಿಗೆ ಮಾಡಿದೋಳು ನಾನು."

ಹರಳೆಣ್ಣೆ ಬಂತು, ದಪ್ಪ ಬತ್ತಿ ಬಂತು. ಎರಡು ಗಂಟೆ ಉರಿದ ದೀಪ ಗೂಡನ್ನು ಮೊದಲಿಗಿಂತ ಚೆನ್ನಾಗಿ ಕಪ್ಪಾಗಿಸಿತು. ಕಲ್ಮೇಶನಿಗೆ ಹೋದ ಜೀವ ಬಂತು. ಸ್ವಾಮಿಗಳು ಜೀವಮಾನವಿಡೀ ಮಾಡಿದ್ದನ್ನು ತಾನು ತಿಂಡಿಗೆ ಮುಂಚೆ ಮುಗಿಸಿದೆ ಎಂದು ಒಳಗೊಳಗೇ ಬೀಗಿದ.

ಹನ್ನೊಂದಕ್ಕೆ ಬಂದ ವೆಂಕಟರಮಣಪ್ಪ ಗೂಡಿನೊಳಗೆ ಟಾರ್ಚ್ ಬಿಟ್ಟು ಬೆರಳ ತುದಿ ತಾಗಿಸಿದರು. ಬೆರಳು ಕಪ್ಪಾಯಿತು. ಅವರ ಕಣ್ಣು ತುಂಬಿ ಬಂತು.

"ನಿನ್ನೆ ದೀಪ ಹಚ್ಚಿದ ಹಾಗಿದೆಯಲ್ರೀ."

"ಅಷ್ಟು ಜೋಪಾನ ಮಾಡಿದೀನಿ ಸಾರ್," ಎಂದ ಕಲ್ಮೇಶ್.

"ಗೋಡೆ ಮುಚ್ಚಿದ್ದಕ್ಕೇ ಇಷ್ಟು ಹೊಸದಾಗಿ ಉಳಿದಿರೋದು. ಇನ್ನು ಜನರ ಉಸಿರು ತಾಗಬಾರ್ದು. ನಾಳೇನೇ ಮತ್ತೆ ಗೋಡೆ ಕಟ್ಟಿಸ್ತೀನಿ. ಹೊರಗೊಂದು ಫೋಟೋ ಹಾಕಿದ್ರೆ ಸಾಕು."

"ಮತ್ತೆ ಗೈಡು, ಸಾರ್?"

"ಗೋಡೆಗೆ ಗೈಡ್ ಯಾಕ್ರೀ? ಆದ್ರೆ ನಿಮ್ಮ ಜೋಪಾನದ ಬಗ್ಗೆ ಖಂಡಿತ ಮೆಚ್ಚಿ ಬರೀತೀನಿ."

ನಿಜ ಹೇಳಿದರೆ ಮಸಿ ಕಳೆದ ತಪ್ಪಿಗೆ ಕೆಲಸ ಹೋಗುತ್ತದೆ, ಹೇಳದಿದ್ದರೆ ಮಸಿ ಉಳಿಸಿದ ಪುಣ್ಯಕ್ಕೆ ಹೋಗುತ್ತದೆ. ಕಲ್ಮೇಶ್ ಕೈಮುಗಿದ.

ಕಾರು ಹೋದ ಮೇಲೆ ಜಗದಾಂಬಾ ಅವನ ಪೆಚ್ಚು ಮುಖ ನೋಡಿ ಮರುಗಿದರು. "ಯಾರದೋ ಕಣ್ಣು ಬಿದ್ದಿದೆ ಕಣಪ್ಪ ನಿಂಗೆ," ಎಂದು ಗೂಡಿನಿಂದ ಒಂದು ಬೆರಳು ಮಸಿ ತೆಗೆದು ಅವನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟರು.