ಹರಿಹರದಲ್ಲಿ ಇಳಿದರೆ ಯುರೋಪು

ಜನ ಪ್ರವಾಸಕ್ಕೆ ಹೋಗಿ ಫಜೀತಿ ಪಡುತ್ತಾರೆ. ನಾವು ಗಂಡ ಹೆಂಡತಿ ಹೊರಡುವ ಮೊದಲೇ ಎಲ್ಲ ಪಟ್ಟು ಮುಗಿಸಿರುತ್ತೇವೆ. ಈ ಸಲ ಪ್ಯಾರಿಸ್ಸಿನಿಂದ ಜ್ಯೂರಿಕ್, ಅಲ್ಲಿಂದ ಮಿಲಾನ್, ಎಲ್ಲಾ ರೈಲಿನಲ್ಲೇ ಎಂದು ಹೊರಟಿದ್ದೆವು. ಅಂದರೆ, ಹೊರಡುವ ಮಾತಾಡುತ್ತಿದ್ದೆವು. ರೈಲಿನ ಕಿಟಕಿಯಿಂದ ಹಿಮದ ಬೆಟ್ಟ ನೋಡಬೇಕು ಅನ್ನುವುದು ನನ್ನ ಹೆಂಡತಿಯ ಎಷ್ಟೋ ವರ್ಷದ ಆಸೆ. ತೋರಿಸಿದೆ ಅನ್ನಿಸಿಕೊಳ್ಳಬೇಕು ಅನ್ನುವುದು ನನ್ನ ಆಸೆ.

೧. ಲೋವರ್ ಬರ್ತ್

ನಮ್ಮ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಟ್ರಾವೆಲ್ಸ್ ಆಫೀಸಿನಲ್ಲಿ ಕೂರುವ ಮೊದಲೇ ಹೇಳಿದೆ: "ನಾವಿಬ್ರೂ ಸೀನಿಯರ್ ಸಿಟಿಜನ್. ಎರಡೂ ಲೋವರ್ ಬರ್ತೇ ಬೇಕು ನೋಡ್ರಿ."

"ಬರ್ತ್ ಇಲ್ಲ ಸಾರ್. ಹಗಲು ಗಾಡಿ, ಕೂತ್ಕಂಡೇ ಹೋಗೋದು" ಎಂದ ಟ್ರಾವೆಲ್ಸಿನವನು.

ನನ್ನ ಹೆಂಡತಿಗೆ ಗಾಬರಿಯಾಯಿತು. "ಉಂಡ ಮ್ಯಾಲೆ ಒಂಚೂರು ಅಡ್ಡಾಗಬೇಕಲ್ರಿ?"

"ಅಮ್ಮಾ, ನೀವು ಅಡ್ಡಾಗಿ ಏಳೋದ್ರಾಗ ಆ ದೇಶಾನೇ ಮುಗಿದಿರ್ತೈತೆ!"

೨. ಎದುರು ಸೀಟಿನವರು

ಮನೆಗೆ ಬಂದವಳೇ ಸೂಟ್‌ಕೇಸಿಗೆ ಒಗ್ಗರಣೆ ಮಂಡಕ್ಕಿ ತುಂಬಿ ನೋಡತೊಡಗಿದಳು. ಇಬ್ಬರಿಗೆ ಇಷ್ಟು ಯಾಕೆ ಎಂದೆ.

"ಎದುರು ಕೂತೋರಿಗೆ ಕೊಡದೆ ತಿನ್ನಾಕಾಗ್ತೈತೇನ್ರಿ?"

"ಅವರು ಫ್ರಾನ್ಸಿನೋರು ಕಣೆ, ತಗಳ್ಳಲ್ಲ."

"ಒಂದೇ ಸಲಕ್ಕೆ ಯಾರ್ ತಗಂತಾರೆ? ನಾವೂ ಬ್ಯಾಡ ಬ್ಯಾಡ ಅಂತಾನೇ ತಗಳ್ಳಲ್ವಾ?"

ಪ್ರತಿ ರೈಲಿಗೂ ಎದುರು ಸೀಟಿನ ಪಾಲು ಸೇರಿ ಸೂಟ್‌ಕೇಸ್ ಮುಚ್ಚಲಿಲ್ಲ. ನನ್ನ ಪ್ಯಾಂಟುಗಳನ್ನು ತೆಗೆದು ಹೊರಗಿಟ್ಟಳು. ಇದ್ಯಾಕೆ ಅಂದದ್ದಕ್ಕೆ, "ಪ್ಯಾಂಟು ಯಾರೂ ಕೇಳಲ್ಲ ಬಿಡ್ರಿ" ಅಂದಳು.

೩. ರಿಹರ್ಸಲ್

ಅವಳ ನಿಜವಾದ ಭಯ ಬೇರೆಯೇ ಇತ್ತು. ನಡುವೆ ಗಾಡಿ ಬದಲಾಯಿಸಬೇಕು, ಗಾಡಿ ನಿಲ್ಲುವುದು ಗಳಿಗೆ ಹೊತ್ತು, ಅವಳ ಮೊಣಕಾಲು ಎದ್ದು ನಿಲ್ಲುವುದಕ್ಕೇ ಅಷ್ಟು ಹೊತ್ತು ಬೇಕು. ಬುಕ್ ಮಾಡುವ ಮುಂಚೆ ಖಡಾಖಂಡಿತವಾಗಿ ಹೇಳಿದಳು: "ಮೊದ್ಲು ಲಗೇಜ್ ಸಮೇತ ಹರಿಹರದಾಗ ಇಳಿದು ನೋಡಾಣ. ಇಳಿದ್ರೆ ಯುರೋಪು. ಇಲ್ಲಾಂದ್ರೆ ಬ್ಯಾಡೇ ಬ್ಯಾಡ."

ಸರಿ, ದಾವಣಗೆರೆಯಲ್ಲಿ ಎರಡು ಸೂಟ್‌ಕೇಸ್, ಒಂದು ಮಂಡಕ್ಕಿ ಚೀಲದೊಂದಿಗೆ ಹುಬ್ಬಳ್ಳಿ ಕಡೆಯ ಗಾಡಿ ಹತ್ತಿದೆವು. ಟಿಕೆಟ್ ಎರಡೂ ನನ್ನ ಜೇಬಿನಲ್ಲಿ. ಅವಳ ಕೈಗೆ ಕೊಟ್ಟರೆ ಕಳೆಯುತ್ತಾಳೆ ಎಂಬುದು ಮದುವೆಯಾದಾಗಿನಿಂದ ನನ್ನ ನಂಬಿಕೆ.

ಹರಿಹರ ಬಂತು. "ಬಾ ಬಾ" ಎನ್ನುತ್ತಲೇ ಎರಡು ಸೂಟ್‌ಕೇಸ್ ಇಳಿಸಿದೆ, ನಾನೂ ಇಳಿದೆ. ಈ ವಯಸ್ಸಿನಲ್ಲೂ ಏನು ಚುರುಕು ಎಂದು ನನಗೇ ಹೆಮ್ಮೆಯಾಯಿತು. ತಿರುಗಿ ನೋಡಿದರೆ ಗಾಡಿ ಹೊರಟಿದೆ. ಕಿಟಕಿಯಲ್ಲಿ ನನ್ನ ಹೆಂಡತಿ ಎದುರು ಸೀಟಿನ ಹೆಂಗಸಿಗೆ ಮಂಡಕ್ಕಿ ಕೊಡುತ್ತಿದ್ದಾಳೆ. ಆಕೆ ಇನ್ನೂ "ಬ್ಯಾಡ ಬ್ಯಾಡ" ಅನ್ನುತ್ತಿದ್ದಾಳೆ.

ಸೂಟ್‌ಕೇಸಿನ ಮೇಲೆ ಕುಸಿದು ಕೂತೆ. ಫೋನ್ ಮಾಡಿದರೆ ಎತ್ತುತ್ತಿಲ್ಲ. ಯುರೋಪು ಹಾಳಾಗಲಿ, ಇವಳು ಕ್ಷೇಮವಾಗಿ ಇಳಿದರೆ ಸಾಕು ಎಂದು ಕಣ್ಣಲ್ಲಿ ನೀರೇ ಬಂತು.

ಕೊನೆಗೆ ಅವಳೇ ಫೋನ್ ಮಾಡಿದಳು. "ರಾಣೆಬೆನ್ನೂರಾಗ ಇಳಿದೀನ್ರಿ. ಒಬ್ಬಾಕೀನೇ! ಟಿ.ಸಿ. ಬಂದಿದ್ರು. ದಂಡ ಕಟ್ಟಿ, ಅವರಿಗೂ ಮಂಡಕ್ಕಿ ಕೊಟ್ಟೆ."

"ಸದ್ಯ! ಆತು ಬಿಡು, ಯುರೋಪು ಬ್ಯಾಡ" ಅಂದೆ.

"ಯಾಕ್ ಬ್ಯಾಡ? ಇಳಿಯೋ ಪರೀಕ್ಷೆ ನಾನು ಪಾಸು. ನಾಳೆನೇ ಬುಕ್ ಮಾಡ್ರಿ. ಆದ್ರೆ ನನ್ನ ಟಿಕೆಟ್ ನನ್ನ ಕೈಯಾಗ ಇರ್ಲಿ. ಜ್ಯೂರಿಕ್‌ನಾಗ ನೀವು ಸೂಟ್‌ಕೇಸ್ ಇಳಿಸ್ಕಂತಾ ಇರ್ರಿ, ನಾನು ಮುಂದಿನ ದೇಶ ನೋಡ್ಕಂಡು ವಾಪಸ್ ಬರ್ತೀನಿ!"