ಒದ್ದೆ ಸಮವಸ್ತ್ರ

ಸೈನ್ಯದ ಜೀಪು ಬಂದು, ತಂತಿಯ ಮೇಲಿದ್ದ ಅರವತ್ತು ಸಮವಸ್ತ್ರಗಳನ್ನು ಒದ್ದೆಯಾಗಿಯೇ ಎತ್ತಿಕೊಂಡು ಹೋದದ್ದೇ ಇಸ್ತ್ರಿಯಣ್ಣನ ಗ್ರಹಚಾರಕ್ಕೆ ಕಾರಣ. ಹನ್ನೊಂದು ವರ್ಷದಿಂದ ಅವನ ಲಾಂಡ್ರಿಗೆ ಶಿಬಿರದ ಬಟ್ಟೆ ಬರುತ್ತಿತ್ತು. ಮಡಿಕೆ ಕೂದಲೆಳೆಯಷ್ಟು ಓರೆಯಾದರೂ ವಾಪಸ್ ಎಸೆಯುತ್ತಿದ್ದ ಜನ ಅವರು.

“ಇನ್ನೂ ಒಣಗಿಲ್ಲ ಸಾರ್!”

“ಮೈಮೇಲೇ ಒಣಗುತ್ತೆ ಬಿಡಯ್ಯ,” ಎಂದ ಸಿಪಾಯಿ, ಇವನ ಮುಖವನ್ನೂ ನೋಡದೆ.

ಇದು ಯುದ್ಧದ ಗಡಿಬಿಡಿಯೇ ಎಂದು ಇಸ್ತ್ರಿಯಣ್ಣನಿಗೆ ಹೊಳೆಯಿತು. ಗಡಿ ಇದ್ದದ್ದು ಎಂಟೇ ಮೈಲಿ ದೂರ. ಅಂಗಡಿಯ ಬಾಗಿಲೆಳೆದು ಬಸ್ ನಿಲ್ದಾಣಕ್ಕೆ ಓಡಿ, ಸಂಜೆ ನಾಲ್ಕರ ಬಸ್ಸಿಗೆ ಟಿಕೆಟ್ ತಂದ. ತನಗೊಂದು, ಹೆಂಡತಿಗೊಂದು, ಎಂಟು ವರ್ಷದ ಮಗಳಿಗೊಂದು. ಉಳಿದಿದ್ದದ್ದೂ ಆ ಮೂರೇ ಸೀಟು. ಅಷ್ಟಕ್ಕೆ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಪಾಪದವನು, ಬೀದಿಯವರೂ ಬದುಕಿಕೊಳ್ಳಲಿ ಎಂದು ಮನೆಮನೆಗೆ ಹೇಳುತ್ತಾ ಹೊರಟ.

ಔಷಧಿ ಅಂಗಡಿಯವನು ಹೊಟ್ಟೆ ಹಿಡಿದು ನಕ್ಕ. “ಯುದ್ಧ ಅಂತ ಯಾರು ಹೇಳಿದ್ರು, ನಿನ್ನ ಇಸ್ತ್ರಿಪೆಟ್ಟಿಗೆನಾ?”

“ಇಲಿ ಹೋಯ್ತು ಅಂದ್ರೆ ಹುಲಿ ಹೋಯ್ತು ಅಂದ್ರಂತೆ,” ಎಂದಳು ಮೂಲೆಮನೆಯ ಅಜ್ಜಿ. “ಹೊತ್ತಲ್ಲದ ಹೊತ್ತಲ್ಲಿ ಹಾಳು ಬಾಯಿ ಬಿಡ್ಬೇಡಪ್ಪ.”

ಮಧ್ಯಾಹ್ನದ ಹೊತ್ತಿಗೆ ಮಕ್ಕಳೆಲ್ಲ ಅವನನ್ನು ಕಂಡಕೂಡಲೇ “ಢಂ!” ಎಂದು ಕೂಗಿ ನೆಲಕ್ಕೆ ಬೀಳತೊಡಗಿದರು. ಮಗಳು ಅಳುತ್ತಾ ಮನೆ ಸೇರಿದಳು.

ಕೊನೆಗೆ ಎದುರುಮನೆಯ ನಿವೃತ್ತ ಮೇಷ್ಟರು ಕರೆದು ಕೂರಿಸಿದರು. “ಎಷ್ಟು ಸಮವಸ್ತ್ರ ಅಂದ್ರಿ?”

“ಅರವತ್ತು.”

“ಒದ್ದೇನಾ?”

“ನೀರು ತೊಟ್ಟಿಕ್ತಿತ್ತು ಮೇಷ್ಟ್ರೇ.”

ಮೇಷ್ಟರು ಒಂದು ಗಳಿಗೆ ಕಿಟಕಿಯಾಚೆ ನೋಡಿ, ಆಮೇಲೆ ನಕ್ಕರು. “ಯಾರೋ ದೊಡ್ಡ ಸಾಹೇಬರು ಬರ್ತಿರ್ಬೇಕು, ಅದಕ್ಕೇ ಗಡಿಬಿಡಿ. ಓದಿದೋನು ನಾನೇ ಇಲ್ಲಿ ಆರಾಮಾಗಿ ಕೂತಿದೀನಿ, ನಿಮಗ್ಯಾಕ್ರೀ ಗಾಬರಿ? ಆ ಟಿಕೆಟ್ ಇತ್ತ ಕೊಡಿ. ಹೇಗೂ ಆ ಕಡೆ ಹೋಗ್ತಿದೀನಿ, ರದ್ದು ಮಾಡಿಸ್ತೀನಿ.”

ಇಸ್ತ್ರಿಯಣ್ಣನಿಗೆ ತನ್ನ ಮೇಲೇ ನಾಚಿಕೆಯಾಯಿತು. ಟಿಕೆಟ್ ಕೊಟ್ಟು ಮನೆಗೆ ಬಂದು, ಕಟ್ಟಿದ್ದ ಗಂಟುಮೂಟೆ ಬಿಚ್ಚಿದ. ಮನಸ್ಸು ಹಗುರಾಗಿ, ಹೆಂಡತಿ ಮಗಳ ಜೊತೆ ಗಡದ್ದಾಗಿ ನಿದ್ದೆ ಹೋದ.

ಎದ್ದಾಗ ಐದೂವರೆ. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಔಷಧಿ ಅಂಗಡಿಗೆ ಬೀಗ. ಅಜ್ಜಿಯ ಮನೆಗೆ ಬೀಗ. ಹಗಲೆಲ್ಲ ನಕ್ಕವರು ನಗುನಗುತ್ತಲೇ ಸಾಮಾನು ಕಟ್ಟಿದ್ದರು. ಸಿಕ್ಕ ಲಾರಿ, ಗಾಡಿ ಹತ್ತಿ ಊರು ಬಿಟ್ಟಿದ್ದರು. ಅವನು ಎದುರುಮನೆಗೆ ಓಡಿದ. ಮೇಷ್ಟರ ಬಾಗಿಲಿಗೂ ಬೀಗ, ಬೀಗಕ್ಕೆ ಸಿಕ್ಕಿಸಿದ ಒಂದು ಚೀಟಿ:

“ಇಸ್ತ್ರಿಯಣ್ಣನವರಿಗೆ, ಟಿಕೆಟ್ ರದ್ದು ಮಾಡಲು ಬಸ್ಸಿನವರು ಒಪ್ಪಲಿಲ್ಲ. ಸುಮ್ಮನೆ ಹಾಳಾಗಬಾರದೆಂದು ನಮ್ಮ ಮನೆಯ ಮೂವರೇ ಹೊರಟಿದ್ದೇವೆ. ಗಾಬರಿಯಾಗಬೇಡಿ. ಹಿತ್ತಿಲ ಗಿಡಗಳಿಗೆ ನೀರು ಹಾಕುತ್ತಿರಿ.”

ಹೆಂಡತಿ ಮಗಳ ಕೈ ಹಿಡಿದು ಹಿಂದೆ ಬಂದು ನಿಂತಿದ್ದಳು. ಚೀಟಿಯನ್ನು ಎರಡು ಸಲ ಓದಿದಳು.

“ರೀ, ನೀವು ಹೇಳಿದ್ದನ್ನ ಇಡೀ ಬೀದಿ ನಂಬ್ತು,” ಎಂದಳು. “ನಂಬದೇ ಇದ್ದೋರು ನೀವೊಬ್ರೇ.”

ಗಡಿಯ ಕಡೆಯಿಂದ ಮೊದಲ ಫಿರಂಗಿಯ ಸದ್ದು ಕೇಳಿಸಿತು. ಮಗಳು ಅಪ್ಪನ ಕಾಲನ್ನು ಬಿಗಿಯಾಗಿ ತಬ್ಬಿಕೊಂಡಳು.