ಎರಡು ತಾಸಿನ ಟವೆಲ್

ನಮ್ಮ ಮಾವನವರು, ಅಂದರೆ ನನ್ನ ಗಂಡನ ತಂದೆ, ಹವಾಮಾನದ ವಿಷಯದಲ್ಲಿ ಟಿವಿಯನ್ನೂ ನಂಬುವುದಿಲ್ಲ, ಪಂಚಾಂಗವನ್ನೂ ನಂಬುವುದಿಲ್ಲ. ಅವರು ನಂಬುವುದು ತಮ್ಮ ಹೆಗಲ ಮೇಲಿನ ಟವೆಲ್ಲನ್ನು ಮಾತ್ರ!

ಅಳವಂಡಿ ಹತ್ತಿರದ ನಮ್ಮ ಹೊಲದಲ್ಲಿ, ಬೋರ್‌ವೆಲ್ ಪಕ್ಕ, ಅವರು ಹನ್ನೊಂದು ಅಗರ್ ಗಿಡ ಬೆಳೆಸಿದ್ದಾರೆ. ಸುತ್ತಲಿನವರೆಲ್ಲ ಕಡಲೆ, ಜೋಳ ಬಿತ್ತುವಾಗ ಇವರಿಗೆ ಅತ್ತರಿನ ಮರ ಬೇಕಾಯಿತು! ಈ ಮರದ್ದೊಂದು ವಿಚಿತ್ರ. ಆರೋಗ್ಯವಾಗಿದ್ದರೆ ಬರೀ ಕಟ್ಟಿಗೆ. ಕಾಂಡಕ್ಕೆ ತೂತು ಕೊರೆದು, ಬೂಷ್ಟಿನ ಔಷಧಿ ಹಾಕಿ ಕಾಯಿಲೆ ಬರಿಸಿದರೆ ಗಾಯದ ಸುತ್ತ ಕಪ್ಪನೆಯ ಸುವಾಸನೆಯ ಅಂಟು ಕಟ್ಟುತ್ತದೆ. ಬೆಲೆ ಅದಕ್ಕೆ. ಮಳೆಗಾಲದಲ್ಲಿ ಕೊರೆದರೆ ನೀರಿಳಿದು ಕೊಳೆಯುತ್ತದೆ. ಬೇಸಿಗೆಯಲ್ಲಾದರೆ ಮೊದಲೇ ಬಾಯಾರಿದ ಗಿಡ ಸಾಯುತ್ತದೆ. ಹಾಗಾದರೆ ಯಾವಾಗ? ಅದನ್ನು ಹೇಳಬೇಕಾದದ್ದು ಟವೆಲ್!

ದಿನಾ ಬೆಳಿಗ್ಗೆ ಅದನ್ನು ನೀರಲ್ಲಿ ಅದ್ದಿ ಹಿಂಡಿ ಮೊದಲನೇ ಗಿಡಕ್ಕೆ ಕಟ್ಟುತ್ತಾರೆ. ಒಂದು ತಾಸಿನಲ್ಲಿ ಒಣಗಿದರೆ ಗಾಳಿ ಬಿಸಿ. ಮೂರು ತಾಸಾದರೂ ಒಣಗದಿದ್ದರೆ ಹಸಿ. ಸರಿಯಾಗಿ ಎರಡು ತಾಸು, ಅದೂ ಸತತ ಏಳು ದಿನ ಆಗಬೇಕು. ಬರೆದಿಡುವ ಕೆಲಸ ನನ್ನದು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ "ಹಾಲು ಒಂದು ಲೀಟರ್, ಗ್ಯಾಸ್ ಬಂತು, ಟವೆಲ್ ಎರಡೂವರೆ ತಾಸು" ಎಂದಿರುತ್ತದೆ.

"ಯಜಮಾನ್ರ, ಗಿಡಕ್ಕ ಜ್ವರ ಬಂದೈತೇನ್ರಿ? ಒದ್ದಿ ಅರಿವಿ ಕಟ್ಟೀರಲ್ಲ!" ಎಂದು ಪಕ್ಕದ ಹೊಲದವನು ಕಾಡುತ್ತಿದ್ದ.

"ಇನ್ನೂ ಬಂದಿಲ್ಲೋ ತಮ್ಮಾ, ಬರಸಾಕ ಟೈಮ್ ನೋಡಾಕತ್ತೀನಿ."

ಎರಡು ವರ್ಷ ಹೀಗೇ ಹೋಯಿತು. ಒಮ್ಮೆ ಆರನೇ ದಿನ ಮೋಡ ಕವಿಯಿತು. ಇನ್ನೊಮ್ಮೆ ಆರು ದಿನ ಮುಗಿದಿತ್ತು, ಯಾರದೋ ಆಡು ಟವೆಲ್ಲನ್ನೇ ತಿಂದಿತು! ಹೊಸದು ತಂದುಕೊಟ್ಟರೆ, "ಇದು ಭಾಳ ದಪ್ಪ ಐತವಾ, ಸುಳ್ಳು ಹೇಳತೈತಿ" ಎಂದು ಬೇರೊಂದು ಹಳೆಯ ತೆಳು ಟವೆಲ್ ತೆಗೆದರು. ಅಷ್ಟರಲ್ಲಿ ನನ್ನ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಕೂತಿದ್ದ ಔಷಧಿಯ ಅವಧಿಯೂ ಮುಗಿದು, ಮತ್ತೊಂದು ಬಾಟಲಿ ಬಂದು ಕೂತಿತು.

ಕಡೆಗೆ ಹೋದ ವರ್ಷ ದೀಪಾವಳಿ ಕಳೆದ ಮೇಲೆ ಏಳೂ ದಿನ ಎರಡೇ ತಾಸು! ಗಿಡಗಳಿಗೆ ಪೂಜೆಯಾಯಿತು. ಮಾವ ತಾವೇ ಡ್ರಿಲ್ ಹಿಡಿದು ಕೊರೆದು, ಔಷಧಿ ಹಾಕಿ, ದಣಿದು ಮನೆಗೆ ಹೋದರು. ಸಾಮಾನು ಎತ್ತಿಡಲು ನಾನೊಬ್ಬಳೇ ಉಳಿದೆ. ತೂತುಗಳಿಂದ ನೀರು ಜಿನುಗುತ್ತಿತ್ತು. ಮಕ್ಕಳ ಕಿವಿ ಚುಚ್ಚಿಸಿದಾಗ, ಅವು ಮೊಣಕಾಲು ಕೆತ್ತಿಕೊಂಡು ಬಂದಾಗ, ನಮ್ಮ ಕೈ ತಾನಾಗಿಯೇ ಏನು ಮಾಡುತ್ತದೆ ಹೇಳಿ? ತಾಟಿನಲ್ಲಿ ಪೂಜೆಯ ಅರಿಷಿಣವಿತ್ತು, ದೀಪದ ಎಣ್ಣೆಯಿತ್ತು. ಕಲಸಿ ಒಂದೊಂದು ತೂತಿಗೂ ಬೆರಳಿನಿಂದ ಒತ್ತಿ ಬಂದೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನಿತ್ತು?

ಮೊನ್ನೆ ಔಷಧಿ ಕೊಟ್ಟವರು ಕೊಪ್ಪಳದಿಂದ ಬಂದು ಕಾಂಡ ಕೆತ್ತಿ ನೋಡಿದರು. ಕಪ್ಪಿಲ್ಲ, ವಾಸನೆಯಿಲ್ಲ, ಕಟ್ಟಿಗೆ ಕೊಬ್ಬರಿಯಂತೆ ಬೆಳ್ಳಗಿದೆ!

"ಬೂಷ್ಟು ಹಿಡದ ಇಲ್ರಿ. ಅರಿಷಿಣ ಗಿರಿಷಿಣ ಏನರ ಹಚ್ಚಿದ್ರೇನು? ಅದು ಬೂಷ್ಟು ಕೊಲ್ಲತೈತಿ."

ತಂದಿದ್ದ ಚಹಾದ ತಾಟನ್ನು ನಾನು ನೆಲಕ್ಕಿಟ್ಟೆ. ಮಾವ ಬಗ್ಗಿ ಒಂದು ತೂತಿನ ಅಂಚನ್ನು ಉಗುರಿನಿಂದ ಕೆರೆದರು. ಹಳದಿ ಇನ್ನೂ ಇತ್ತು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಟವೆಲ್ಲಿನ ತುದಿಯಿಂದ ಅದನ್ನು ಒರೆಸಿದರು.

"ಅರಿಷಿಣ ಎಲ್ಲೀದ್ರಿ? ನಂದ ಋತು ತಪ್ಪೈತಿ. ಈ ಟಾವೆಲ್ ನಂಬಿ ಕೆಟ್ಟೆ ನೋಡ್ರಿ," ಎಂದರು. ಪಕ್ಕದ ಹೊಲದವನು ಬೇಲಿಯಾಚೆಯಿಂದ ಗಹಗಹಿಸಿ ನಕ್ಕ. ಎರಡು ವರ್ಷ ಅವನೊಂದಿಗೆ ವಾದ ಮಾಡಿದ್ದ ಮಾವ ತಾವೂ ನಕ್ಕರು.

ಬಂದವರು ಹೋದ ಮೇಲೆ ನಾನು, "ಮಾವಾರ, ಅದು..." ಎಂದೆ.

"ಚಹಾ ಛಲೋ ಆಗಿತ್ತವಾ," ಎಂದರು.

ಮರುದಿನ ಬೆಳಿಗ್ಗೆ ನೋಡಿದರೆ ಮೊದಲನೇ ಗಿಡದಲ್ಲಿ ಟವೆಲ್ ಮತ್ತೆ ಆಡುತ್ತಿದೆ, ತುದಿಯಲ್ಲಿ ಹಳದಿ ಕಲೆ. ತೊಳೆದು ಕೊಡುತ್ತೇನೆ ಎಂದೆ.

"ಬ್ಯಾಡವಾ. ಸೋಪು ಹತ್ತಿದ್ರ ಒಣಗೋ ಲೆಕ್ಕ ತಪ್ಪತೈತಿ. ನೀ ಬರಕೊಂತ ಹೋಗು."